ಅತ್ತೆ ಹೊರಡುವ ಮೊದಲು ಒಂದು ಗ್ರಾಫಿಕ್ಸ್ ಕಾರ್ಡ್

ನಮ್ಮ ಮನೆಯ ಗೇಮಿಂಗ್ ಕಂಪ್ಯೂಟರ್ ನಿಜವಾಗಿ ನನ್ನದಲ್ಲ. ಮಗಳು ಶಾಲೆಯಲ್ಲಿದ್ದಾಗ ಒಂದೊಂದೇ ಭಾಗ ತರಿಸಿ ತಾನೇ ಜೋಡಿಸಿಕೊಂಡಿದ್ದಳು. ಯೂನಿವರ್ಸಿಟಿಗೆ ಹೋಗುವಾಗ ಲ್ಯಾಪ್‌ಟಾಪನ್ನು ಬೆನ್ನಿಗೆ ಹಾಕಿಕೊಂಡು, ಇದನ್ನು ಲಂಡನ್ನಿನ ರೇನರ್ಸ್ ಲೇನ್‌ನ ನಮ್ಮ ಮನೆಯ ಚಿಕ್ಕ ಕೋಣೆಯಲ್ಲಿ, ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಪಕ್ಕದಲ್ಲಿ ಬಿಟ್ಟುಹೋದಳು. ಮೊದಲ ಆರು ತಿಂಗಳು ನಾನು ಅದರ ಧೂಳು ಒರೆಸಿದ್ದಷ್ಟೇ. ಆಮೇಲೊಂದು ಭಾನುವಾರ ಬೆಳಿಗ್ಗೆ ಸುಮ್ಮನೆ ಹಚ್ಚಿ ನೋಡಿದೆ. ಅದರಲ್ಲೊಂದು ರ್ಯಾಲಿ ಕಾರಿನ ಆಟವಿತ್ತು. ಡಾಂಬರಿಲ್ಲದ ರಸ್ತೆ, ಗುಡ್ಡ, ಕಾಡು. ಪಕ್ಕದಲ್ಲಿ ಇನ್ನೊಂದು ಕಾರು ಇರುವುದಿಲ್ಲ, ಸ್ಪರ್ಧೆಯೆಲ್ಲ ಗಡಿಯಾರದ ಜೊತೆ. ನಾನು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವವಳು. ವಾರವಿಡೀ ಗುಳಿಗೆಗಳ ಪ್ರಮಾಣವನ್ನು ಎರಡೆರಡು ಸಲ ಪರಿಶೀಲಿಸುವುದೇ ನನ್ನ ಉದ್ಯೋಗ. ಅಂಥವಳು ಅವತ್ತು ಮೊದಲ ತಿರುವಿನಲ್ಲೇ ಕಾರನ್ನು ಮರಕ್ಕೆ ಗುದ್ದಿ, ಉಸಿರು ತಗೊಳ್ಳದೆ ಮತ್ತೆ ಶುರು ಮಾಡಿದೆ. ಒಲೆಯ ಮೇಲೆ ಬೇಳೆ ಇಟ್ಟದ್ದು ಮರೆತೇಹೋಗಿತ್ತು.

ನಲವತ್ತೊಂಬತ್ತನೇ ವಯಸ್ಸಿನಲ್ಲಿ ಹತ್ತಿದ ಈ ಹುಚ್ಚನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಮೇಜಿಗೆ ಬಿಗಿಯುವ ಸ್ಟಿಯರಿಂಗ್ ಒಂದನ್ನು, ಕಾಲಿಗೆ ಪೆಡಲುಗಳನ್ನು ಸೆಕೆಂಡ್‌ಹ್ಯಾಂಡ್ ಕೊಂಡೆ. ಆನ್‌ಲೈನ್‌ನಲ್ಲಿ ಒಂದು ಸಣ್ಣ ರ್ಯಾಲಿ ಕ್ಲಬ್ ಸೇರಿದೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಮೂವತ್ತು ಚಿಲ್ಲರೆ ಜನ ತಂತಮ್ಮ ಮನೆಯಲ್ಲಿ ಕೂತು ಒಂದೇ ರಸ್ತೆಗಳನ್ನು ಓಡಿಸಿ, ಯಾರಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ನೋಡುತ್ತಿದ್ದೆವು. ನಾನು ಯಾವಾಗಲೂ ಇಪ್ಪತ್ತೈದರ ಆಚೆಗೇ ಇರುತ್ತಿದ್ದೆ.

ಅಷ್ಟರಲ್ಲಿ ಅತ್ತೆ ಬಂದರು. ನನ್ನ ಗಂಡನ ತಾಯಿ, ಮೈಸೂರಿನವರು, ಎಪ್ಪತ್ತೊಂದು ವರ್ಷ. ವಿಸಿಟರ್ ವೀಸಾದ ಮೇಲೆ ಆರು ತಿಂಗಳಿಗೆ ಬಂದಿದ್ದರು. ನಾನು ಧಾರವಾಡದವಳು. ಇಪ್ಪತ್ತೆರಡು ವರ್ಷದ ಹಿಂದೆ ಮದುವೆಯಾದಾಗ ನನ್ನ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ, ಅವರ ಮಾತು ನನಗೆ ಎಷ್ಟೋ ಸಲ ಬೈಗುಳದಂತೆ ಕೇಳುತ್ತಿತ್ತು. ಜಗಳವೇನೂ ಆಗಿರಲಿಲ್ಲ. ಒಬ್ಬರಿಗೊಬ್ಬರು ಮರ್ಯಾದೆಯಿಂದ ದೂರವಿದ್ದೆವು, ಅಷ್ಟೆ.

ಅವರು ಬಂದ ಎರಡನೇ ವಾರ ನಾನು ಚಿಕ್ಕ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಓಡಿಸುತ್ತಿದ್ದೆ. ಅತ್ತೆ ಕಾಫಿ ಹಿಡಿದುಕೊಂಡು ಬಂದವರು ಲೋಟ ಕೊಡದೆ ಹಿಂದೆ ನಿಂತುಬಿಟ್ಟರು.

"ನಿಧಾನ ಕಣಮ್ಮ," ಅಂದರು. "ಎಷ್ಟು ಜೋರಾಗಿ ಹೋಗ್ತಿದೀಯ."

"ಅತ್ತೀ, ಈಗ ಮಾತಾಡಿಸಬ್ಯಾಡ್ರಿ."

ಮುಂದಿನ ತಿರುವಿನಲ್ಲಿ ಕಾರು ಹಳ್ಳಕ್ಕೆ ಬಿತ್ತು. ಅತ್ತೆ ಕಾಫಿ ಮೇಜಿನ ಮೇಲಿಟ್ಟು ಹಾಸಿಗೆಯ ಅಂಚಿಗೆ ಕೂತರು. ನಾನು ಮತ್ತೆ ಶುರು ಮಾಡಿದೆ. ಅದೇ ತಿರುವು ಹತ್ತಿರ ಬಂದಾಗ ಹಿಂದಿನಿಂದ, "ಈಗ ಎಡಕ್ಕೆ ಬರತ್ತೆ, ಅಲ್ಲೇ ಬಿದ್ದದ್ದು," ಎಂಬ ದನಿ ಕೇಳಿತು. ನಾನು ಬ್ರೇಕ್ ಒತ್ತಿದೆ. ಕಾರು ಎಡಕ್ಕೆ ತಿರುಗಿ, ಹಳ್ಳದ ಅಂಚನ್ನು ಸವರಿಕೊಂಡು ದಾಟಿತು. "ಆಮೇಲೊಂದು ದಿಬ್ಬ ಇತ್ತು," ಅಂದರು ಅತ್ತೆ. ದಿಬ್ಬ ಇತ್ತು. ಒಮ್ಮೆ ನೋಡಿದ ರಸ್ತೆ ಅವರಿಗೆ ಪೂರಾ ನೆನಪಿತ್ತು.

ನಿಜವಾದ ರ್ಯಾಲಿಯಲ್ಲಿ ಚಾಲಕನ ಪಕ್ಕದಲ್ಲಿ ಇನ್ನೊಬ್ಬರು ಕೂತು, ಮುಂದೆ ಬರುವ ತಿರುವುಗಳನ್ನು ಮೊದಲೇ ಬರೆದುಕೊಂಡ ಪುಸ್ತಕದಿಂದ ಓದಿ ಹೇಳುತ್ತಾರೆ. ತಿರುವಿಗೆ ಒಂದೊಂದು ಅಂಕಿ: ಒಂದು ಅಂದರೆ ಕಾರು ಹೆಚ್ಚುಕಡಿಮೆ ಹಿಂದಕ್ಕೇ ತಿರುಗಬೇಕು, ಆರು ಅಂದರೆ ರಸ್ತೆ ಸ್ವಲ್ಪ ಬಾಗಿದೆ ಅಷ್ಟೆ. ಆಟದಲ್ಲಿ ಇದನ್ನು ಒಬ್ಬ ಇಂಗ್ಲಿಷ್ ಗಂಡಸಿನ ದನಿ ಹೇಳುತ್ತಿತ್ತು. ನಾನು ಇದನ್ನೆಲ್ಲ ವಿವರಿಸಿದಾಗ ಅತ್ತೆ ಗಂಭೀರವಾಗಿ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ, "ಆ ಮನುಷ್ಯನ ಬಾಯಿ ಮುಚ್ಚಿಸೋಕೆ ಆಗತ್ತಾ?" ಅಂತ ಕೇಳಿದರು.

ಆಗುತ್ತಿತ್ತು. ಮುಚ್ಚಿಸಿದೆವು.

ಅತ್ತೆ ಮೂವತ್ತು ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿಯಾಗಿ ಕೆಲಸ ಮಾಡಿ ನಿವೃತ್ತರಾದವರು. ವಕೀಲರು ಎಷ್ಟೇ ವೇಗವಾಗಿ ವಾದಿಸಲಿ, ಒಂದು ಮಾತೂ ಬಿಡದಂತೆ ಗೆರೆ, ಕೊಂಡಿ, ಚುಕ್ಕೆಗಳಲ್ಲಿ ಹಿಡಿದಿಡುವುದು ಅವರ ಕಸುಬಾಗಿತ್ತು. ನಾನು ನಿಧಾನವಾಗಿ ಒಂದು ರಸ್ತೆಯನ್ನು ಓಡಿಸಿದರೆ ಸಾಕು, ಅವರು ಮೂಲೆಯ ಅಂಗಡಿಯಿಂದ ತಂದ ಶಾಲಾ ನೋಟ್‌ಬುಕ್ಕಿನಲ್ಲಿ ಇಡೀ ರಸ್ತೆಯನ್ನು ಎರಡು ಪುಟಕ್ಕೆ ಇಳಿಸುತ್ತಿದ್ದರು. ಹದಿನಾರು ಕಿಲೋಮೀಟರು, ಎರಡು ಪುಟ. ಆಮೇಲೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಓದುತ್ತಿದ್ದರು: "ಎಡ ನಾಲ್ಕು, ಉದ್ದ. ದಿಬ್ಬ. ಬಲ ಎರಡು, ಒಳಗಡೆ ಕಲ್ಲಿದೆ. ನೇರ, ನೇರ, ಧೈರ್ಯವಾಗಿ ಹೋಗು. ಈಗ ಸಾಕು."

ಅತ್ತೆ ದಾರಿ ತೋರಿಸುವುದು, ಸೊಸೆ ಮರುಮಾತಾಡದೆ ಹಾಗೇ ನಡೆಯುವುದು. ನನ್ನ ಗಂಡನಿಗೆ ಇದು ನಂಬಲಾಗದ ದೃಶ್ಯವಾಗಿತ್ತು. ಅವರು ಬಾಗಿಲಲ್ಲಿ ನಿಂತು ನೋಡಿ ಕೆಳಗಿಳಿದು ಹೋಗುತ್ತಿದ್ದರು. ಎರಡು ತಿಂಗಳಲ್ಲಿ ಕ್ಲಬ್ಬಿನಲ್ಲಿ ನಾವು ಹತ್ತೊಂಬತ್ತನೆಯವರಾದೆವು. 'ನಾವು' ಎಂದೇ ನಾನು ಹೇಳತೊಡಗಿದ್ದೆ.

ತೊಂದರೆ ಶುರುವಾದದ್ದು ಮಳೆ ಬೀಳುವ ಕಾಡಿನ ರಸ್ತೆಯಲ್ಲಿ. ಬಿಸಿಲಿನ ಬಯಲಲ್ಲಿ ನಮ್ಮ ಕಂಪ್ಯೂಟರ್ ಚೆನ್ನಾಗೇ ಓಡುತ್ತಿತ್ತು. ಕಾಡಿಗೆ ಹೊಕ್ಕು, ಮಳೆ ಸುರಿದು, ಗಾಜಿನ ಮೇಲೆ ಹನಿ ಹರಿಯತೊಡಗಿದರೆ ಚಿತ್ರ ತಡವರಿಸುತ್ತಿತ್ತು. ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆ ಎಂದು ಪರದೆಯ ಮೂಲೆಯಲ್ಲಿ ಒಂದು ಅಂಕಿ ಕಾಣಿಸುತ್ತಿತ್ತು. ಬಯಲಿನಲ್ಲಿ ಅರವತ್ತು ಇದ್ದದ್ದು ಇಲ್ಲಿ ಹತ್ತೊಂಬತ್ತಕ್ಕೆ ಇಳಿಯುತ್ತಿತ್ತು. ನಾನು ಸ್ಟಿಯರಿಂಗ್ ತಿರುಗಿಸಿದ ಮೇಲೆ ಕಾರು ಯೋಚನೆ ಮಾಡಿ ತಿರುಗುತ್ತಿತ್ತು. ಆ ರಸ್ತೆಯಲ್ಲಿ ಹಳೆಯ ಕಲ್ಲುಗೋಡೆಯೊಂದರ ಪಕ್ಕ ಬಲಕ್ಕೆ ಎರಡರ ತಿರುವಿತ್ತು. ಹತ್ತು ಸಲ ಹೋದರೆ ಎಂಟು ಸಲ ನಾನು ಆ ಗೋಡೆಗೆ ಗುದ್ದುತ್ತಿದ್ದೆ.

ಮಗಳಿಗೆ ಫೋನ್ ಮಾಡಿ ಕೇಳಿದೆ. "ಮಮ್, ದಟ್ ಕಾರ್ಡ್ ಈಸ್ ಏನ್ಷಂಟ್," ಅಂದಳು. ಚಿತ್ರ ಮೂಡಿಸುವ ಕೆಲಸವೆಲ್ಲ ಗ್ರಾಫಿಕ್ಸ್ ಕಾರ್ಡಿನದೇ ಎಂದೂ, ಅದಕ್ಕೆ ಏಳು ವರ್ಷವಾಗಿದೆ, ಉಳಿದದ್ದೆಲ್ಲ ಇನ್ನೂ ಸಾಕು, ಕಾರ್ಡ್ ಒಂದನ್ನು ಬದಲಾಯಿಸಿದರಾಯಿತು ಎಂದೂ ಹೇಳಿದಳು. ಯಾವಾಗ ಬದಲಾಯಿಸಬೇಕು ಎಂದು ಮಾತ್ರ ಹೇಳಲಿಲ್ಲ. ಅದು ನಮ್ಮ ಮನೆಯಲ್ಲಿ ಎರಡು ವಾರದ ಚರ್ಚೆಯಾಯಿತು.

ನನ್ನ ಗಂಡ ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಯಾವುದನ್ನೂ ಅಳೆಯದೆ ಒಪ್ಪುವವರಲ್ಲ. "ಕೆಟ್ಟಿರೋದನ್ನ ಬದಲಾಯಿಸಬೇಕು, ಹಳೇದಾಗಿದೆ ಅಂತ ಬದಲಾಯಿಸಬಾರದು," ಅಂದರು. "ತಪ್ಪು ಕಾರ್ಡಿಂದಾ ನಿಂದಾ, ಮೊದಲು ಅದು ಗೊತ್ತಾಗಲಿ. ಅದೂ ಅಲ್ದೆ ಇನ್ನು ನಾಲ್ಕೈದು ತಿಂಗಳಲ್ಲಿ ಹೊಸ ಸರಣಿ ಬರತ್ತಂತೆ. ಆಗ ಹಳೇದರ ಬೆಲೆ ಇಳಿಯತ್ತೆ. ಕಾಯೋದೇ ಬುದ್ಧಿವಂತಿಕೆ."

"ನೀವು ಹೇಳೂದು ಖರೇನ ಅದ," ಅಂದೆ ನಾನು. ನಾನೂ ಓದಿದ್ದೆ. ಹೊಸದು ಬರಲಿದೆ, ಕಾಯಿರಿ ಎಂದು ಎಲ್ಲರೂ ಬರೆಯುತ್ತಿದ್ದರು. ಹಿಂದಿನ ವರ್ಷದ ಬರಹಗಳನ್ನು ತೆಗೆದು ನೋಡಿದರೆ ಅವುಗಳಲ್ಲೂ ಅದೇ ಸಲಹೆ ಇತ್ತು.

ನಾವು ಗಂಡ ಹೆಂಡತಿ ಮಾತಾಡುತ್ತಿದ್ದಾಗ ಅತ್ತೆ ಬೀನ್ಸ್ ಮುರಿಯುತ್ತ ಕೂತಿದ್ದರು. ತಲೆಯೆತ್ತದೆ ಮಗನನ್ನು ಕೇಳಿದರು: "ನನ್ನ ಟಿಕೆಟ್ ಯಾವತ್ತಿಗಿದೆ?"

"ಬರೋ ತಿಂಗಳು ಮೂರನೇ ಬುಧವಾರ, ಅಮ್ಮ. ವೀಸಾ ಮುಗಿಯತ್ತಲ್ಲ."

"ಆ ಕಾಡಿನ ರಸ್ತೆ ಸ್ಪರ್ಧೆ?"

"ಅದರ ಹಿಂದಿನ ಭಾನುವಾರ," ಅಂದೆ ನಾನು.

"ಹಾಗಿದ್ರೆ ನಾಲ್ಕೈದು ತಿಂಗಳು ಕಾದು ನನಗೇನಾಗಬೇಕಪ್ಪ?" ಅಂದರು ಅತ್ತೆ. ಮತ್ತೆ ಬೀನ್ಸಿನ ಕಡೆ ತಿರುಗಿದರು.

ಇಷ್ಟು ದಿನ ನಾನು ಕಾರ್ಡಿನ ವಯಸ್ಸು, ಹೊಸದರ ಸುದ್ದಿ, ಬೆಲೆ ಇವನ್ನೇ ತೂಗಿ ನೋಡುತ್ತಿದ್ದೆ. ನನ್ನ ಪಕ್ಕ ಕೂತು ದಾರಿ ಹೇಳುವವರು ಎಷ್ಟು ದಿನ ಇರುತ್ತಾರೆ ಎಂಬುದನ್ನು ಆ ತಕ್ಕಡಿಗೆ ಹಾಕಿಯೇ ಇರಲಿಲ್ಲ. ಗಂಡನ ಮುಖ ನೋಡಿದೆ. ಅವರು ಗಡ್ಡ ಕೆರೆದುಕೊಂಡು, "ಸರಿ, ಸೆಕೆಂಡ್‌ಹ್ಯಾಂಡ್ ನೋಡಿ. ಆದ್ರೆ ಓಡಿಸಿ ನೋಡದೆ ತಗೋಬೇಡಿ," ಅಂದರು. ಅವತ್ತೇ ಸ್ಟೀಲ್ ಸ್ಕೇಲು ತಂದು ಕಂಪ್ಯೂಟರ್ ಪೆಟ್ಟಿಗೆಯ ಒಳಗನ್ನು ಅಳೆದು, ಎಷ್ಟು ಉದ್ದದ ಕಾರ್ಡ್ ಹಿಡಿಯುತ್ತದೆ ಎಂದು ನನ್ನ ಫೋನಿಗೆ ಕಳಿಸಿದರು.

ಎರಡು ವರ್ಷ ಹಳೆಯ ಕಾರ್ಡೊಂದು ಮಾರಾಟಕ್ಕಿದೆ ಎಂಬ ಜಾಹೀರಾತು ಮಗಳಿಗೆ ಸಿಕ್ಕಿತು. ಮಾರುವವರು ಲಂಡನ್ನಿನ ಆಚೆ ತುದಿಯ ಕ್ರೋಯ್ಡನ್‌ನವರು. ಫೋನ್ ಮಾಡಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆ. ಅತ್ತೆ ಪಕ್ಕದಲ್ಲೇ ನಿಂತು, "ಮಳೇಲಿ ಓಡತ್ತಾ ಕೇಳು, ಮಳೇಲಿ," ಅನ್ನುತ್ತಿದ್ದರು. ಆ ಕಡೆಯವರಿಗೆ ಅದು ಕೇಳಿಸಿತು.

"ನೀವು ಕನ್ನಡದವರಾ? ಮೊದಲೇ ಹೇಳ್ಬಾರ್ದಾ ಮಾರಾಯ್ರೆ," ಅಂದರು. ಉಡುಪಿ ಕಡೆಯವರು, ಮನೆಯಲ್ಲಿ ಕೊಂಕಣಿ, ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಮನೆಯಲ್ಲಿ ಮೂರು ತಿಂಗಳ ಮಗು, ಆಟ ಆಡಲು ಪುರಸೊತ್ತಿಲ್ಲ, ಅದಕ್ಕೆ ಮಾರುವುದು. ಕಾರ್ಡ್ ಇನ್ನೂ ತಮ್ಮ ಕಂಪ್ಯೂಟರಿನಲ್ಲೇ ಇದೆ ಎಂದೂ, ಅದೇ ಆಟ ತಮ್ಮ ಹತ್ತಿರವೂ ಇದೆ ಎಂದೂ ಹೇಳಿದರು. "ಬಂದು ಆಡಿ ನೋಡಿ. ನಿಮ್ಮ ಸ್ಟಿಯರಿಂಗ್ ತನ್ನಿ ಬೇಕಾದ್ರೆ, ನಂದು ಮಾರಿ ಆಯ್ತು."

ಹಾಗಾಗಿ ಒಂದು ಶನಿವಾರ ಬೆಳಿಗ್ಗೆ ಅತ್ತೆ, ನಾನು, ತರಕಾರಿ ತರುವ ಗಾಲಿ ಚೀಲದಲ್ಲಿ ಸ್ಟಿಯರಿಂಗ್, ಪೆಡಲು ಸಮೇತ ಹೊರಟೆವು. ಗಂಡನಿಗೆ ಅವತ್ತು ಡ್ಯೂಟಿ. ರೇನರ್ಸ್ ಲೇನ್‌ನಲ್ಲಿ ಮೆಟ್ರೋಪಾಲಿಟನ್ ಲೈನ್ ಹತ್ತಿ, ದಾರಿಯಲ್ಲಿ ಗಾಡಿ ಬದಲಿಸಿ ಲಂಡನ್ ಬ್ರಿಡ್ಜ್, ಅಲ್ಲಿಂದ ರೈಲು. ಚೀಲದ ಬಾಯಿ ಮುಚ್ಚುತ್ತಿರಲಿಲ್ಲ. ಅರ್ಧ ಸ್ಟಿಯರಿಂಗ್ ಹೊರಗೆ ಇಣುಕುತ್ತಿತ್ತು. ಎದುರಿಗೆ ಕೂತ ಒಬ್ಬ ಹೆಂಗಸು ಅದನ್ನು ನೋಡಿ, ಅತ್ತೆಯ ರೇಷ್ಮೆ ಸೀರೆ ನೋಡಿ, ಮತ್ತೆ ಅದನ್ನು ನೋಡಿದರು. ಯಾರದೋ ಮನೆಗೆ ಮೊದಲ ಸಲ ಹೋಗುವುದೆಂದು ಅತ್ತೆ ಒಳ್ಳೆಯ ಸೀರೆಯನ್ನೇ ಉಟ್ಟಿದ್ದರು. ತೊಡೆಯ ಮೇಲೆ ನೋಟ್‌ಬುಕ್ ಬಿಡಿಸಿಟ್ಟುಕೊಂಡು, ದಾರಿಯುದ್ದಕ್ಕೂ ಕಾಡಿನ ರಸ್ತೆಯನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದರು.

ಕ್ರೋಯ್ಡನ್‌ನಲ್ಲಿ ಟ್ರಾಮ್ ಹತ್ತಿ ಎರಡು ಸ್ಟಾಪ್ ದಾಟಿ ಇಳಿದೆವು. ಅವರದು ಒಂಬತ್ತನೇ ಮಹಡಿಯ ಫ್ಲ್ಯಾಟ್. ಲಿಫ್ಟಿನಿಂದ ಹೊರಬಂದಾಗ ಅವರು ಬಾಗಿಲು ತೆರೆದು ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು.

"ಮಗು ಈಗಷ್ಟೇ ಮಲಗಿದ್ದು," ಪಿಸುಗುಟ್ಟಿದರು. "ಎದ್ರೆ ನಮ್ಮ ಕತೆ ಮುಗೀತು. ಬನ್ನಿ, ಮೆಲ್ಲ ಬನ್ನಿ."

ಅವರ ಹೆಂಡತಿ ಒಳಕೋಣೆಯಲ್ಲಿ ಮಗುವಿನ ಹತ್ತಿರವಿದ್ದರು. ನಾವು ಮೂವರು ಕಳ್ಳರ ಹಾಗೆ ನಡುಮನೆಯಲ್ಲಿ ಸ್ಟಿಯರಿಂಗ್ ಬಿಗಿದು, ಪೆಡಲು ಜೋಡಿಸಿ, ಕಾಡಿನ ರಸ್ತೆ ತೆರೆದೆವು. ಕಾರಿನ ಸದ್ದು ನನ್ನ ಕಿವಿಯ ಹೆಡ್‌ಫೋನಿಗೆ ಮಾತ್ರ. ಅತ್ತೆಯ ಮಾತು ಕೇಳಬೇಕೆಂದು ಒಂದು ಕಿವಿ ಹೊರಗೆ ಬಿಟ್ಟುಕೊಂಡೆ. ಅವರು ನನ್ನ ಭುಜದ ಹತ್ತಿರಕ್ಕೆ ಬಾಗಿ ಪಿಸುಮಾತಿನಲ್ಲಿ ಶುರು ಮಾಡಿದರು.

ಮಳೆ ಬಂತು. ನಾನು ಅಷ್ಟು ದಿನ ನೋಡಿದ್ದು ಮಳೆಯೇ ಅಲ್ಲ ಅನ್ನಿಸಿತು. ಒಂದೊಂದು ಹನಿ ಗಾಜಿಗೆ ಬಡಿದು ಒಡೆದು ಅಡ್ಡಕ್ಕೆ ಹರಿಯುತ್ತಿತ್ತು. ರಸ್ತೆಯ ಗಾಲಿಜಾಡಿನಲ್ಲಿ ನೀರು ನಿಂತದ್ದು, ಆ ನೀರಿನಲ್ಲಿ ಆಕಾಶದ ಬಿಳುಪು ಬಿದ್ದದ್ದು ಕಾಣುತ್ತಿತ್ತು. ಎಲ್ಲಿ ಕೆಸರು, ಎಲ್ಲಿ ಗಟ್ಟಿ ನೆಲ ಎಂದು ಕಣ್ಣಿಗೇ ಗೊತ್ತಾಗುತ್ತಿತ್ತು. ಮೂಲೆಯ ಅಂಕಿ ಎಂಬತ್ತರಿಂದ ಕೆಳಗಿಳಿಯಲಿಲ್ಲ. ನಾನು ಬೆರಳು ಅಲುಗಿಸಿದರೆ ಕಾರು ಅಲುಗುತ್ತಿತ್ತು. ನನಗೆ ಜೋರಾಗಿ ನಗಬೇಕೆನ್ನಿಸಿತು, ಮಗುವಿನ ನೆನಪಾಗಿ ತುಟಿ ಕಚ್ಚಿಕೊಂಡೆ.

"ಬಲ ಎರಡು, ಗೋಡೆ," ಅತ್ತೆ ಪಿಸುಗುಟ್ಟಿದರು. ನಾನು ತಿರುಗಿಸಿದೆ. ಕಾರು ತಿರುವು ಬರುವ ಮೊದಲೇ ಒಳಗಡೆಗೆ ನುಗ್ಗಿ ಗೋಡೆಯ ಹತ್ತಿರದ ಅಂಚಿಗೆ ನೇರವಾಗಿ ಗುದ್ದಿತು.

ಅಲ್ಲೇ, ಅದೇ ಗೋಡೆ. ನಾನು ಸ್ಟಿಯರಿಂಗ್ ಬಿಟ್ಟು ಕೂತೆ. ಹಾಗಾದರೆ ತಪ್ಪು ನನ್ನದೇ. ಗಂಡನಿಗೆ ಏನು ಹೇಳುವುದು, ಇಷ್ಟು ದೂರ ಈ ಚೀಲ ಎಳೆದುಕೊಂಡು ಬಂದು ಏನು ಮಾಡಿದ ಹಾಗಾಯಿತು ಎಂದು ಯೋಚಿಸುತ್ತಿದ್ದೆ.

"ಪಾಪ, ಕಾರ್ಡ್ ಒಳ್ಳೇದುಂಟು," ಅಂದರು ಕಾರ್ಡ್ ಮಾರುವವರು, ನನಗೆ ಸಮಾಧಾನ ಹೇಳಬೇಕೋ ಕಾರ್ಡಿಗೆ ಹೇಳಬೇಕೋ ತಿಳಿಯದೆ.

ಅತ್ತೆ ನೋಟ್‌ಬುಕ್ಕನ್ನೇ ನೋಡುತ್ತಿದ್ದರು. "ತಪ್ಪು ನಂದು ಕಣಮ್ಮ," ಅಂದರು ಮೆಲ್ಲಗೆ. "ನಮ್ಮನೇಲಿ ನಿನ್ನ ಗಾಡಿ ತಡವಾಗಿ ತಿರುಗ್ತಿತ್ತು. ಅದಕ್ಕೆ ನಾನು ಕಾಡು ಬಂದ ತಕ್ಷಣ ಸ್ವಲ್ಪ ಮುಂಚೇನೇ ಹೇಳೋದು ರೂಢಿ ಮಾಡ್ಕೊಂಡಿದ್ದೆ. ಇಲ್ಲೂ ಹಾಗೇ ಹೇಳ್ಬಿಟ್ಟೆ."

"ನಾನೂ ಹಂಗ ಮಾಡತಿದ್ದೆ ಅತ್ತೀ," ಅಂದೆ. ಹೇಳುತ್ತ ಹೇಳುತ್ತ ನನಗೇ ಅರ್ಥವಾಯಿತು. "ಮಳಿ ಬಂತಂದ್ರ ಮೊದಲ ಸ್ಟಿಯರಿಂಗ್ ಎಳದಬಿಡತಿದ್ದೆ." ತಿಂಗಳುಗಟ್ಟಲೆ ಆ ಹಳೆಯ ಕಾರ್ಡಿನ ನಿಧಾನಕ್ಕೆ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಹೊಂದಿಕೊಂಡಿದ್ದೆವು. ಇಬ್ಬರೂ ಮುಂಚಿತವಾಗಿ ಹೊರಟು, ಇಲ್ಲಿ ಎರಡು ಪಟ್ಟು ಬೇಗ ತಲುಪಿದ್ದೆವು.

"ಇನ್ನೊಂದು ಸಲ," ಅಂದರು ಅತ್ತೆ. ಪೆನ್ಸಿಲ್ ತೆಗೆದು ಹಲವು ಗೆರೆಗಳ ಪಕ್ಕ ಸಣ್ಣ ಚುಕ್ಕೆ ಹಾಕಿಕೊಂಡರು.

ಎರಡನೆಯ ಸಲ ಅವರ ಪಿಸುಮಾತು ತಿರುವಿಗೆ ಸರಿಯಾಗಿ ಬಂತು. ಅವರು ಹೇಳಿದರು, ನಾನು ನೋಡಿದೆ, ತಿರುಗಿಸಿದೆ. ಗೋಡೆ ಬಲಗಡೆಯಿಂದ ನುಣ್ಣಗೆ ಜಾರಿ ಹಿಂದಕ್ಕೆ ಹೋಯಿತು. ಆಮೇಲೆ ಇಳಿಜಾರು, ಮರದ ಸೇತುವೆ, ಎಡ ಐದು, ಬಲ ಐದು, ಉಯ್ಯಾಲೆಯ ಹಾಗೆ. ಅತ್ತೆಯ ಪಿಸುಮಾತಿನ ವೇಗ ಏರುತ್ತ ಹೋಯಿತು. ಅವರ ಒಂದು ಕೈ ನನ್ನ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿತ್ತು. ಕಾರ್ಡ್ ಮಾರುವವರು ಉಸಿರು ಬಿಗಿಹಿಡಿದು ನಿಂತಿದ್ದರು. ಕೊನೆಯ ಗೆರೆ ದಾಟಿದಾಗ ನಮ್ಮ ಎಂದಿನ ಕಾಲಕ್ಕಿಂತ ನಲವತ್ತು ಸೆಕೆಂಡು ಕಡಿಮೆಯಾಗಿತ್ತು. ನಾವು ಮೂವರೂ ಬಾಯಿ ಮುಚ್ಚಿಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ಎಂಥ ಅಮ್ಮ ಇವರು," ಅಂದರು ಅವರು. "ನನಗೆ ಹೀಗೆ ಹೇಳ್ಲಿಕ್ಕೆ ಒಬ್ರು ಇದ್ದಿದ್ರೆ ನಾನು ಮಾರ್ತಿರ್ಲಿಲ್ಲ."

ಅಷ್ಟರಲ್ಲಿ ಮಗು ಎದ್ದು ಅತ್ತಿತು. ಅವರ ಹೆಂಡತಿ ಎತ್ತಿಕೊಂಡು ಹೊರಬಂದರು. ಅತ್ತೆ ಮಗುವನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ನಿಂತು, ಕೆಳಗೆ ಹೋಗುವ ಟ್ರಾಮ್ ತೋರಿಸುತ್ತ ಸಮಾಧಾನ ಮಾಡಿದರು. ಮಗುವಿನ ಅಪ್ಪ ಸ್ಕ್ರೂ ಬಿಚ್ಚಿ ಕಾರ್ಡ್ ಹೊರತೆಗೆದು, ಧೂಳು ಊದಿ, ಅದು ಬಂದಿದ್ದ ಡಬ್ಬಿಯಲ್ಲೇ ಹಾಕಿ ಕೊಟ್ಟರು. ಹೊರಡುವಾಗ ಅವರ ಹೆಂಡತಿ ಅತ್ತೆಗೆ ಒಂದು ಪೊಟ್ಟಣ ಒಣಸೀಗಡಿ ಚಟ್ನಿ ಕೊಡಲು ಬಂದು, ನಾವು ತಿನ್ನುವುದಿಲ್ಲ ಎಂದು ತಿಳಿದು, ಒಳಗೆ ಹೋಗಿ ಬಾಳೆಹಣ್ಣಿನ ಚಿಪ್ಸ್ ತಂದರು. ರೈಲಿನಲ್ಲಿ ಅತ್ತೆ ಕಾರ್ಡಿನ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಎರಡೂ ಕೈಯಲ್ಲಿ ಹಿಡಿದಿದ್ದರು. ಚಿಪ್ಸನ್ನು ನಾನೇ ಅವರ ಬಾಯಿಗೆ ಹಾಕಬೇಕಾಯಿತು.

ಸಂಜೆ ಗಂಡ ಡ್ಯೂಟಿಯಿಂದ ಬಂದು ಕಂಪ್ಯೂಟರ್ ಬಿಚ್ಚಿದರು. ಅವರ ಅಳತೆ ಸರಿಯಾಗಿತ್ತು. ಕಾರ್ಡ್ ಒಂದು ಬೆರಳು ಜಾಗ ಉಳಿಸಿ ಒಳಗೆ ಕೂತಿತು. ಆದರೆ ಅದಕ್ಕೆ ಕರೆಂಟು ಕೊಡಲು ಎರಡು ಕೇಬಲ್ ಬೇಕಿತ್ತು, ನಮ್ಮ ಹಳೆಯ ಪವರ್ ಸಪ್ಲೈಯಲ್ಲಿ ಇದ್ದದ್ದು ಒಂದೇ. ಉದ್ದ ಅಳೆದವರು ಇದನ್ನು ನೋಡಿರಲಿಲ್ಲ. "ಇದು ನನ್ನ ತಪ್ಪು," ಅಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಹೆಚ್ಚು ಸಲ ಕೇಳಿಲ್ಲ. ದೊಡ್ಡ ಪವರ್ ಸಪ್ಲೈಗೆ ಅವತ್ತೇ ಆರ್ಡರ್ ಮಾಡಿದರು. ಬುಧವಾರ ಬರಬೇಕಾದದ್ದು ಬರಲಿಲ್ಲ. ಗುರುವಾರವೂ ಇಲ್ಲ. ಮೂರು ದಿನ ಅತ್ತೆ ಮುಂಬಾಗಿಲ ಗಾಜಿನಲ್ಲಿ ನೆರಳು ಕಂಡಾಗಲೆಲ್ಲ ಎದ್ದು ಹೋಗುತ್ತಿದ್ದರು. ನಾನು ಕೆಲಸದ ನಡುವೆ ಫೋನ್ ತೆಗೆದು ತೆಗೆದು ನೋಡುತ್ತಿದ್ದೆ. ಕೊನೆಗೆ ಸ್ಪರ್ಧೆಯ ಹಿಂದಿನ ದಿನ, ಶನಿವಾರ ಹನ್ನೊಂದಕ್ಕೆ ಪೆಟ್ಟಿಗೆ ಬಂತು.

ಗಂಡ ಎಲ್ಲ ಬಿಚ್ಚಿ, ಎಲ್ಲ ಜೋಡಿಸಿ, ಕೇಬಲುಗಳನ್ನು ಅಂದವಾಗಿ ಕಟ್ಟಿ ಗುಂಡಿ ಒತ್ತಿದರು. ಫ್ಯಾನುಗಳು ತಿರುಗಿದವು, ದೀಪ ಹತ್ತಿತು, ಪರದೆ ಮಾತ್ರ ಕಪ್ಪಗೇ ಇತ್ತು. ಒಂದು ಗಂಟೆ ಏನೇನೋ ಮಾಡಿದರು. ಅತ್ತೆ ಹಾಸಿಗೆಯ ಮೇಲೆ ಕೈಕಟ್ಟಿ ಕೂತು ನೋಡುತ್ತಿದ್ದರು. ಕಡೆಗೆ ನಾನು ಮಗಳಿಗೆ ವಿಡಿಯೋ ಕಾಲ್ ಮಾಡಿ ಕಂಪ್ಯೂಟರಿನ ಹಿಂಭಾಗ ತೋರಿಸಿದೆ. ಅವಳು ಎರಡು ಸೆಕೆಂಡು ನೋಡಿ, "ಡ್ಯಾಡ್, ಯೂ ಪ್ಲಗ್ಡ್ ದ ಮಾನಿಟರ್ ಇಂಟು ದ ರಾಂಗ್ ಹೋಲ್," ಅಂದಳು. ಪರದೆಯ ಕೇಬಲ್ ಕಾರ್ಡಿಗೆ ಸಿಕ್ಕಿಸುವ ಬದಲು ಮೇಲಿನ ಇನ್ನೊಂದು ತೂತಿಗೆ ಸಿಕ್ಕಿಸಿದ್ದರು. ಬದಲಾಯಿಸಿದ ಕೂಡಲೇ ಪರದೆ ಬೆಳಗಿತು. ಕೋಟ್ಯಂತರದ ಯಂತ್ರಗಳನ್ನು ರಿಪೇರಿ ಮಾಡುವ ನನ್ನ ಗಂಡ ಟೀ ಮಾಡಲು ಹೋದರು.

ಭಾನುವಾರ ಮಧ್ಯಾಹ್ನ ಎರಡಕ್ಕೆ ಸ್ಪರ್ಧೆ. ನಾಲ್ಕು ರಸ್ತೆ, ನಾಲ್ಕೂ ಕಾಡಿನವು, ಕೊನೆಯ ಎರಡರಲ್ಲಿ ಮಳೆ. ಒಂದೊಂದು ರಸ್ತೆಯನ್ನು ಒಮ್ಮೆ ಮಾತ್ರ ಓಡಿಸಬಹುದು, ಗುದ್ದಿದರೆ ಗುದ್ದಿದ್ದೇ. ಅವತ್ತು ನನಗೆ ಊಟ ಸೇರಲಿಲ್ಲ. ಅತ್ತೆ ಮಾತ್ರ ಎರಡು ಸಲ ಸಾರನ್ನ ಕಲಸಿಕೊಂಡು ಉಂಡು, ಕನ್ನಡಕ ಒರೆಸಿಕೊಂಡು, ಪೆನ್ಸಿಲ್ ಚೂಪು ಮಾಡಿ ಬಂದು ಕೂತರು. ಗಂಡ ಒಂದು ಮೊಳ ದೂರದಲ್ಲಿ, ಬಾಗಿಲಿಗೆ ಒರಗಿ ನಿಂತರು. ಈ ಸಲ ಕೆಳಗೆ ಹೋಗಲಿಲ್ಲ.

ಮೊದಲ ರಸ್ತೆ ಮುಗಿದಾಗ ನಾವು ಹದಿನೈದನೆಯವರು. ಎರಡನೆಯದರಲ್ಲಿ ಹನ್ನೊಂದು. ಇಲ್ಲಿ ಯಾರೂ ಪಿಸುಗುಟ್ಟಬೇಕಾಗಿರಲಿಲ್ಲ. ಅತ್ತೆಯ ದನಿ ಕೋರ್ಟಿನ ಹಾಲ್ ಪೂರ್ತಿ ಕೇಳುವಂತೆ ಬರುತ್ತಿತ್ತು. ಮೂರನೆಯದರಲ್ಲಿ ಮಳೆ ಶುರುವಾದಾಗ ನನ್ನ ಬೆನ್ನಲ್ಲಿ ಒಂದು ಚಳುಕು ಹರಿಯಿತು. ಹೆದರಿಕೆಯದಲ್ಲ. ಪಟ್ಟಿಯಲ್ಲಿ ಮೇಲಿದ್ದವರೆಲ್ಲ ಮಳೆಯಲ್ಲಿ ಮೆಲ್ಲಗಾಗುತ್ತಾರೆ, ನಾವು ಆಗಬೇಕಿಲ್ಲ ಎಂದು ಗೊತ್ತಾದ ಚಳುಕು. ಎಂಟನೆಯವರಾದೆವು.

ಕೊನೆಯ ರಸ್ತೆಯಲ್ಲಿ ಕಲ್ಲುಗೋಡೆಯನ್ನು ನುಣ್ಣಗೆ ದಾಟಿದೆವು. ಸೇತುವೆ ದಾಟಿದೆವು. ಇನ್ನು ಎರಡು ಕಿಲೋಮೀಟರು ಇರುವಾಗ ಮಳೆ ನಿಂತು ಮರಗಳ ಸಂದಿನಿಂದ ಬಿಸಿಲು ಇಳಿಯಿತು. ಒದ್ದೆ ರಸ್ತೆಯಿಂದ ಹಬೆ ಎದ್ದು ಆ ಬಿಸಿಲಿನಲ್ಲಿ ತೇಲುತ್ತಿತ್ತು. ಹಳೆಯ ಕಾರ್ಡು ಇದನ್ನು ನನಗೆ ಯಾವತ್ತೂ ತೋರಿಸಿರಲಿಲ್ಲ. ನಾನು ಒಂದು ಕ್ಷಣ ನೋಡುತ್ತ ಉಳಿದೆ. "ಎಡ ಆರು," ಅಂದರು ಅತ್ತೆ. ಏನೂ ಅಲ್ಲದ ತಿರುವು ಅದು. ಕಾರು ಹುಲ್ಲಿಗಿಳಿದು ಅಡ್ಡಕ್ಕೆ ತಿರುಗಿ ನಿಂತಿತು.

"ರಸ್ತೆ ನೋಡಮ್ಮ," ಅಂದರು ಅತ್ತೆ. ಬೈಗುಳವಿರಲಿಲ್ಲ. "ರಿವರ್ಸ್ ತಗೋ. ಹಾಂ. ಈಗ ನೇರ. ಧೈರ್ಯವಾಗಿ ಹೋಗು."

ಹೋದೆ. ಕೊನೆಯ ಕಿಲೋಮೀಟರಿನಲ್ಲಿ ನಾನು ಬ್ರೇಕ್ ಒತ್ತಿದ್ದು ಎರಡೇ ಸಲ. ಗೆರೆ ದಾಟಿದೆವು. ಪಟ್ಟಿ ಬರಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ಯಾರೂ ಕೋಣೆಯಿಂದ ಅಲುಗಲಿಲ್ಲ. ನಾವು ಒಂಬತ್ತನೆಯವರು. ಹುಲ್ಲಿಗಿಳಿಯದಿದ್ದರೆ ಏಳನೆಯವರಾಗುತ್ತಿದ್ದೆವು ಎಂದು ಗಂಡ ಲೆಕ್ಕ ಹಾಕಿದರು. ಅತ್ತೆ ಅವರನ್ನು ಒಂದು ನೋಟದಲ್ಲಿ ಸುಮ್ಮನಾಗಿಸಿ, ಎದ್ದು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ಅವರು ಹಾಗೆ ಮಾಡಿದ್ದು ಅದೇ ಮೊದಲು. ಅವರ ಸೀರೆಗೆ ಒಗ್ಗರಣೆಯ ವಾಸನೆಯಿತ್ತು.

ಬುಧವಾರ ಅವರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆವು. ಮೈಸೂರಿನಲ್ಲಿ ಅವರಿಗೆ ತಂಗಿಯಿದ್ದಾರೆ, ವಾರಕ್ಕೆ ಮೂರು ದಿನ ಹುಡುಗಿಯರಿಗೆ ಶೀಘ್ರಲಿಪಿ ಹೇಳಿಕೊಡುವ ಕೆಲಸವಿದೆ. ತಲುಪಿದ ದಿನವೇ ಎಲ್ಲರಿಗೂ ಒಂಬತ್ತನೇ ಸ್ಥಾನದ ಸುದ್ದಿ ಹೇಳಿದರಂತೆ. ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲವಂತೆ. ಕೆಲವು ತಿಂಗಳ ಮೇಲೆ ಹೊಸ ಸರಣಿಯ ಕಾರ್ಡುಗಳು ಬಂದವು. ನನ್ನ ಕಾರ್ಡಿನ ಬೆಲೆ ಗಂಡ ಹೇಳಿದ್ದಂತೆಯೇ ಇಳಿಯಿತು. ಅವರು ಅದನ್ನು ಫೋನಿನಲ್ಲಿ ತೋರಿಸಿದರು. ನಾನು ಓದಿ, ಹೌದು ಅಂದೆ. ಹೊಟ್ಟೆ ಉರಿಯಲಿಲ್ಲ.

ಅತ್ತೆ ಹೋದ ಮೇಲೆ ಮೂರು ವಾರ ಆ ಕೋಣೆಗೆ ಹೋಗಲು ಮನಸ್ಸಾಗಿರಲಿಲ್ಲ. ನಾಲ್ಕನೆಯ ಭಾನುವಾರ ಬೆಳಿಗ್ಗೆ ಹೋಗಿ ಕೂತೆ. ಕ್ಲಬ್ಬಿನವರು ಮುಂದಿನ ಸ್ಪರ್ಧೆಯ ರಸ್ತೆಗಳನ್ನು ಹಾಕಿದ್ದರು. ಪೂರ್ತಿ ಹಿಮ. ಎರಡೂ ಬದಿ ಆಳೆತ್ತರದ ಬಿಳಿಯ ದಂಡೆ, ನಡುವೆ ಕನ್ನಡಿಯಂಥ ನೀಲಿ ಮಂಜುಗಡ್ಡೆ, ಎಲ್ಲಿಯೂ ಒಂದು ಗುರುತಿಲ್ಲ. ನಾನು ನಿಧಾನವಾಗಿ ಕಾರನ್ನು ಹೊರಡಿಸಿದೆ. ಚಕ್ರದ ಕೆಳಗೆ ಹಿಮ ಕರಕರ ಎಂದಿತು. ಪಕ್ಕದಲ್ಲಿ ಹೇಳುವವರಿಲ್ಲದೆ, ಮೊದಲ ತಿರುವು ಎಲ್ಲಿದೆಯೋ ಎಂದು ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದೆ.